ಮಧ್ಯಾಹ್ನ ಎರಡು ಗಂಟೆಗೆ ಕಾರ್ಡು ನೋಡುವ ಶಾಸ್ತ್ರ

ರೇಷನ್ ಕಾರ್ಡು, ಆಧಾರ್ ಕಾರ್ಡು, ಮದುವೆ ಕಾರ್ಡು, ಇವು ಮೂರನ್ನು ಬಿಟ್ಟು ನಾಲ್ಕನೆಯದೊಂದು ಕಾರ್ಡು ಈ ಭೂಮಿಯ ಮೇಲಿದೆ ಎಂದು ಅರವತ್ತೊಂಬತ್ತು ವರ್ಷ ನನಗೆ ಗೊತ್ತಿರಲಿಲ್ಲ. ಎಪ್ಪತ್ತನೆಯ ವರ್ಷದಲ್ಲಿ ಗೊತ್ತಾಯಿತು. ಗೊತ್ತಾಗದೆ ಹೋಗಿದ್ದರೆ ಇವತ್ತು ನಾನು ನಮ್ಮ ಮನೆಯಲ್ಲಿಯೇ ನೆಮ್ಮದಿಯಾಗಿ ಕೂತಿರುತ್ತಿದ್ದೆ.

ಅದರ ಹೆಸರು ಗ್ರಾಫಿಕ್ಸ್ ಕಾರ್ಡು. ನನ್ನ ಸೊಸೆ ಶಿವಲೀಲಾಳ ಕಂಪ್ಯೂಟರ್ ಡಬ್ಬಿಯೊಳಗೆ ಅದರ ವಾಸ. ಶಿವಲೀಲಾ ಮದುವೆ ವಿಡಿಯೋಗಳ ಎಡಿಟಿಂಗ್ ಮಾಡುತ್ತಾಳೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯ ಸ್ಟುಡಿಯೋದವರು ಮದುವೆ ಹಿಡಿದು ತಂದು ನಮ್ಮ ಕೊಟ್ಟೂರಿನ ಮನೆಗೆ ಕೊಡುತ್ತಾರೆ. ಇವಳು ಕತ್ತರಿಸಿ, ಜೋಡಿಸಿ, ಹಾಡು ಹಾಕಿ ವಾಪಸು ಕೊಡುತ್ತಾಳೆ. ಎಂಟು ತಾಸಿನ ಮದುವೆ ಎರಡು ತಾಸಿಗೆ ಇಳಿಯುತ್ತದೆ. (ನನ್ನ ಮದುವೆಗೆ ಈ ಉಪಕಾರ ಮಾಡುವವರು ಯಾರೂ ಇರಲಿಲ್ಲ. ಐದು ದಿನದ್ದು ಐದೂ ದಿನ ನಡೆಯಿತು.)

ಎರಡು ವರ್ಷದ ಹಿಂದೆ ಶಿವಲೀಲಾ ಒಂದು ಘನಘೋರ ತಪ್ಪು ಮಾಡಿದಳು. ಹೆಗಲಿಗೆ ವಲ್ಲಿ ಹಾಕಿಕೊಂಡು ಸಾರಿನ ಬಕೆಟ್ ಹಿಡಿದು ಓಡಾಡುತ್ತಿದ್ದ ಒಬ್ಬನನ್ನು ಅಡುಗೆಯವನೆಂದು ತಿಳಿದು, ಇಡೀ ಮದುವೆಯಿಂದ ಅವನನ್ನು ತೆಗೆದುಬಿಟ್ಟಳು. ಆತ ಮದುಮಗಳ ಸೋದರಮಾವ. ಸೋದರಮಾವ ಕೈಹಿಡಿದು ಕರೆತರದೆ ಮದುಮಗಳು ಮಂಟಪಕ್ಕೆ ತಾನೇ ನಡೆದು ಬಂದಂತೆ ವಿಡಿಯೋದಲ್ಲಿ ಕಂಡಿತು. ಹನ್ನೊಂದು ಜನ ಗಾಡಿ ಮಾಡಿಕೊಂಡು ಬಂದು ನಮ್ಮ ಪಡಸಾಲೆಯಲ್ಲಿ ಕೂತರು. ಅವತ್ತು ನಾನು ಕನ್ನಡಕ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತು, ಇವನು ಸೋದರಮಾವ, ಇವಳು ಅವನ ಹೆಂಡತಿ, ಇವನು ಬರೀ ಪಕ್ಕದ ಮನೆಯವನು ಎಂದು ನೂರಾ ಎಂಬತ್ನಾಲ್ಕು ಮಂದಿಯನ್ನು ಗುರುತಿಸಿ ಕೊಟ್ಟೆ. ನಾನು ಓದಿದ್ದು ಎರಡನೇ ಕ್ಲಾಸು. ಆದರೆ ಈ ಸೀಮೆಯಲ್ಲಿ ಯಾರ ಮಗಳನ್ನು ಯಾರ ಮನೆಗೆ ಕೊಟ್ಟಿದ್ದಾರೆ ಎಂಬುದರಲ್ಲಿ ನನ್ನದು ಒಂದು ಕಾಳೂ ತಪ್ಪುವುದಿಲ್ಲ.

ಅಂದಿನಿಂದ ನನಗೆ ಪಟ್ಟಾಭಿಷೇಕವಾಯಿತು. ಶಿವಲೀಲಾ ಎರಡನೆಯ ಮಾನಿಟರ್ ತರಿಸಿದಳು. ಎಡಗಡೆಯ ಪರದೆಯಲ್ಲಿ ಅವಳು ಕತ್ತರಿಸುತ್ತಾಳೆ. ಬಲಗಡೆಯ ಪರದೆಯಲ್ಲಿ ಬಂಧುಬಳಗದ ಮುಖಗಳು ದೊಡ್ಡದಾಗಿ ಓಡುತ್ತವೆ. ಅದರ ಮುಂದೆ ಕೈಯಿರುವ ಕುರ್ಚಿಯಲ್ಲಿ ನಾನು. ಬೆಳಿಗ್ಗೆ ಹತ್ತರಿಂದ ಒಂದು, ಮತ್ತೆ ಎರಡರಿಂದ ಐದು. ನಮ್ಮ ಮನೆಯವರು ತೀರಿಕೊಂಡು ಹದಿಮೂರು ವರ್ಷವಾಯಿತು. ಅಷ್ಟು ವರ್ಷದಲ್ಲಿ ನನ್ನನ್ನು ಯಾರಾದರೂ ಏನಾದರೂ ಕೇಳಿದ್ದಾರೆ ಎಂದರೆ ಅದು ಆ ಕುರ್ಚಿಯಲ್ಲಿ ಕೂತ ಮೇಲೆಯೇ.

ಆ ಕುರ್ಚಿಗೆ ಸಂಚಕಾರ ತಂದದ್ದು ಕಾರ್ಡಿನ ಫ್ಯಾನು.

ಕಾರ್ಡಿಗೆ ಕೆಲಸ ಹೆಚ್ಚಾದರೆ ಸೆಕೆಯಾಗುತ್ತದಂತೆ. ಸೆಕೆಯಾದರೆ ಅದರ ಬೆನ್ನಿಗಿರುವ ಫ್ಯಾನು ತಿರುಗುತ್ತದಂತೆ. ನಮ್ಮದು ಹಳೆಯ ಕಾರ್ಡು, ಫ್ಯಾನಿನ ಒಂದು ರೆಕ್ಕೆ ಮುರಿದಿತ್ತು. ಅದು ತಿರುಗಿದರೆ ಮನೆಯೊಳಗೆ ಬಸ್ಸು ಹಿಂದಕ್ಕೆ ಹೊರಳಿಸಿದ ಸದ್ದು. ಗೋಡೆಯಾಚೆ ನನ್ನ ಮಗ ಗವಿಸಿದ್ದೇಶ ಮಲಗುತ್ತಾನೆ, ಅದೂ ಹಗಲು ಹೊತ್ತು. ಅವನಿಗೆ ಗಾಳಿಯಂತ್ರದ ಕಂಪನಿಯೊಂದರಲ್ಲಿ ರಾತ್ರಿ ಪಾಳಿ. ಗುಡ್ಡದ ಮೇಲೆ ಮುಗಿಲೆತ್ತರದ ಮೂವತ್ತೆರಡು ಫ್ಯಾನುಗಳ ಕೆಳಗೆ ಕೂತು ಬರುವ ಮನುಷ್ಯನಿಗೆ ಅಂಗೈಯಗಲದ ಫ್ಯಾನಿನ ಸದ್ದು ತಡೆಯಲಾಗುವುದಿಲ್ಲ!

ಒಂದು ದಿನ ತಲೆದಿಂಬನ್ನು ಕಂಕುಳಲ್ಲಿಟ್ಟುಕೊಂಡೇ ಎದ್ದು ಬಂದ.

"ಶಿವಲೀಲಾ, ಇದೇನ್ ಮನಿಯೋ, ಬಸ್ ಡಿಪೋನೋ? ಅಮಾಸಿ ಒಳಗ ಈ ಕಾರ್ಡ್ ಬದಲಾಗ್ಬೇಕು. ಇಲ್ಲಾ, ಮಶಿನ್ ಎತ್ಕೊಂಡ್ಹೋಗಿ ಪ್ಯಾಟಿಯಾಗ ಒಂದು ರೂಮ್ ಮಾಡು."

"ರೂಮ್ ಮಾಡೋದು ನನಗೇನ್ ಕಷ್ಟ ಅಲ್ಲ ಬಿಡ್ರಿ," ಎಂದಳು ಶಿವಲೀಲಾ. "ಗಿರಾಕಿಗಳಿಗೂ ಬರಾಕ ಹಗುರಾಗ್ತೈತಿ."

"ಮತ್ತ ನಾನು?" ಎಂದೆ.

ಇಬ್ಬರೂ ನನ್ನ ಕಡೆ ನೋಡಿದರು. ಆ ಪ್ರಶ್ನೆ ಅವರಿಗೆ ಹೊಳೆದೇ ಇರಲಿಲ್ಲ.

"ನೀವು ಮನ್ಯಾಗ ಆರಾಮಾಗಿ ಇರ್ರಿ ಅತ್ತೀ," ಎಂದಳು. "ಈ ವಯಸ್ಸಿನಾಗ ಪ್ಯಾಟಿಗ್ಯಾಕ?"

ಆರಾಮ! ನನ್ನ ವಯಸ್ಸಿನವರಿಗೆ ಆ ಮಾತು ಹೇಳಿದರೆ ಅರ್ಥವೇನೆಂದು ನನಗೆ ಗೊತ್ತು. ಪಡಸಾಲೆಯ ಕಂಬಕ್ಕೊರಗಿ ಬೀದಿಯಲ್ಲಿ ಹೋಗುವ ಆಡುಗಳನ್ನು ಎಣಿಸುವುದು. ಅಮಾವಾಸ್ಯೆಗೆ ಹದಿನೆಂಟು ದಿನವಿತ್ತು.

"ಕಾರ್ಡ್ ನಾನ ಆರಿಸ್ತೀನಿ," ಎಂದೆ.

ಮಗ ನಕ್ಕ. ಸೊಸೆ ನಗಲಿಲ್ಲ, ಆದರೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು.

"ಅವ್ವಾ, ಅದು ಬದನಿಕಾಯೇನು?"

"ಲೇ ಗವಿ, ಎರಡು ಜೋಡಿ ಎತ್ತು, ಮೂವರು ಅಳಿಯಂದ್ರು, ಒಬ್ಬ ಸೊಸಿ, ಎಲ್ಲಾ ನಾನ ಆರಿಸಿದ್ದು. ಎತ್ತಿನಾಗ ಒಂದು ತಪ್ಪಿತ್ತು, ಅಷ್ಟ."

(ಅಳಿಯಂದಿರಲ್ಲಿ ಎಷ್ಟು ತಪ್ಪಿತ್ತು ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.)

ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಜಂಬಣ್ಣನ ಬಳಿಗೆ ನಾನೇ ಹೋದೆ. ಅಂಗಡಿಯಲ್ಲಿಯೇ ಕಾರ್ಡು ಹಾಕಿ ತೋರಿಸುತ್ತೇನೆ ಎಂದ. ಬೇಡವೆಂದೆ. ಹೆಣ್ಣನ್ನು ಅವಳ ತವರಿನಲ್ಲಿ ಸಿಂಗರಿಸಿ ಕೂರಿಸಿದಾಗ ನೋಡಿದರೆ ಏನು ತಿಳಿಯುತ್ತದೆ?

"ನಮ್ಮ ಮನಿಗೆ ತಗೊಂಡ್ಬಾ. ನಮ್ಮ ಡಬ್ಬಿಯಾಗ ಹಾಕು. ನಮ್ಮ ಕೆಲಸ ಮಾಡಿಸು. ಅದೂ ಮಧ್ಯಾಹ್ನ ಎರಡು ಗಂಟಿಗೆ."

"ಎರಡು ಗಂಟಿಗ್ಯಾಕ ದೊಡ್ಡವ್ವಾ?"

"ಮುಂಜಾನಿ ತಂಪಿನಾಗ ಎಲ್ಲಾ ಸೊಸಿನೂ ಸುಮ್ನ ಇರ್ತಾಳ. ಬಿಸಿಲಿನಾಗ ನೋಡ್ಬೇಕು."

ಇದನ್ನು ಮನೆಗೆ ಬಂದು ಶಿವಲೀಲಾಳಿಗೂ ಹೇಳಿದೆ. "ಅತ್ತಿನೂ ಅಷ್ಟ," ಎಂದು ಅವಳು ಒಲೆಯ ಕಡೆ ಮುಖ ಮಾಡಿ ಅಂದಳು.

ಇನ್ನು ಸದ್ದು ಅಳೆಯುವ ವಿಚಾರ. ಶಿವಲೀಲಾಳ ಫೋನಿನಲ್ಲಿ ಸದ್ದು ಅಳೆಯುವ ಯಾವುದೋ ಒಂದು ಇದೆ. ಅದು ಒಮ್ಮೆ ನಲವತ್ತೆರಡು ಅಂದಿತು, ಅವಳು ಕೆಮ್ಮಿದರೆ ಅರವತ್ತು ಅಂದಿತು, ಆಮೇಲೆ ಚಾರ್ಜ್ ಇಲ್ಲವೆಂದು ಕಣ್ಣು ಮುಚ್ಚಿತು. ಅದನ್ನು ನಂಬಿ ನಾನು ನನ್ನ ಕುರ್ಚಿಯನ್ನು ಪಣಕ್ಕಿಡಲೇ? ನನ್ನದೇ ಒಂದು ಅಳತೆ ಮಾಡಿಕೊಂಡೆ. ಕಂಪ್ಯೂಟರ್ ಡಬ್ಬಿಯ ಮೇಲೆ ಸ್ಟೀಲಿನ ತಟ್ಟೆ ಬೋರಲು ಹಾಕುವುದು. ಅದರ ಮೇಲೆ ವಿಭೂತಿಯಿಂದ ಒಂದು ಚಕ್ರ ಬರೆಯುವುದು. ಚಕ್ರದ ನಡುವೆ ಇಪ್ಪತ್ತೊಂದು ಬಿಳಿಜೋಳದ ಕಾಳು. ನಾನು ನೂರೆಂಟು ಸಲ ಶಿವನಾಮ ಹೇಳಿ ಮುಗಿಸುವಷ್ಟರಲ್ಲಿ ಎಷ್ಟು ಕಾಳು ಕುಣಿದು ವಿಭೂತಿ ಗೆರೆ ದಾಟುತ್ತವೋ ಅಷ್ಟು ಸದ್ದು. ಹಳೆಯ ಕಾರ್ಡಿಗೆ ಹತ್ತೊಂಬತ್ತೂವರೆ ದಾಟಿದವು. (ಒಂದನ್ನು ಹುಳ ಅರ್ಧ ತಿಂದಿತ್ತು. ಅದನ್ನು ಪೂರ್ತಿ ಲೆಕ್ಕಕ್ಕೆ ಹಿಡಿದರೆ ಕಾರ್ಡಿಗೆ ಅನ್ಯಾಯ.)

ಕಾರ್ಡಿಗೆ ಕೊಡಬೇಕಾದ ಕೆಲಸವನ್ನು ಶಿವಲೀಲಾ ಆರಿಸಿದಳು. ಹರಪನಹಳ್ಳಿಯ ಒಂದು ಮದುವೆಯ ಅಕ್ಷತೆ. ನಾನೂರು ಜನ ಒಟ್ಟಿಗೆ ಅಕ್ಕಿಕಾಳು ಎಸೆಯುತ್ತಾರೆ, ಪ್ರತಿ ಕಾಳೂ ನಿಧಾನವಾಗಿ ಗಾಳಿಯಲ್ಲಿ ತೇಲಿ ಬರಬೇಕು. ಇದಕ್ಕಿಂತ ದೊಡ್ಡ ಶಿಕ್ಷೆ ಕಾರ್ಡಿನ ಜಾತಿಗೆ ಇಲ್ಲವಂತೆ.

ಮೊದಲನೆಯ ಕಾರ್ಡು ಬಂದಾಗ ಜಂಬಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಮೂರು ಫ್ಯಾನು, ಮೊಳದುದ್ದ, ಮೈತುಂಬ ಬಣ್ಣದ ದೀಪ.

"ದೀಪ ಯಾತಕ್ಕ?" ಎಂದೆ.

"ಚೆಂದಕ್ಕ, ದೊಡ್ಡವ್ವಾ."

"ಡಬ್ಬಿ ಒಳಗ ಕುಂದ್ರಾಕಿಗೆ ಯಾರು ನೋಡ್ಲಿ ಅಂತ ಚೆಂದ?"

ಜಂಬಣ್ಣ ತಲೆ ಕೆರೆದುಕೊಂಡು ಕಾರ್ಡನ್ನು ಡಬ್ಬಿಗೆ ಹಾಕಹೋದ. ಹಿಡಿಸಲಿಲ್ಲ. ಕೊನೆಗೆ ಡಬ್ಬಿಯ ಬಾಗಿಲು ತೆಗೆದು ಹಾಕಿದ. ಆಟೋದಲ್ಲಿ ಎಮ್ಮೆ ಸಾಗಿಸಿದಂತೆ ಅದರ ಮೂತಿ ಹೊರಗೇ ಉಳಿಯಿತು. ಮೊದಮೊದಲು ಉಸಿರೆತ್ತಲಿಲ್ಲ. ಕೆಲಸವಿಲ್ಲದಿದ್ದರೆ ಫ್ಯಾನು ತಿರುಗುವುದೇ ಇಲ್ಲ ಎಂದು ಜಂಬಣ್ಣ ಮೀಸೆ ತಿರುವಿದ. ಕೆಲಸವಿಲ್ಲದಾಗ ಸುಮ್ಮನಿರುವುದು ಏನು ದೊಡ್ಡಸ್ತಿಕೆ? ಅಕ್ಷತೆ ಶುರುವಾಯಿತು. ನಾಲ್ಕನೇ ನಿಮಿಷಕ್ಕೆ ಮೂರೂ ಫ್ಯಾನು ಒಟ್ಟಿಗೆ ಎದ್ದವು. ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಮೂರು ತಿಂಗಳು ತಾವಾಗಿ ಹೊರಳಿದವು. ನನ್ನ ನಾಮಸ್ಮರಣೆ ಇನ್ನೂ ಅರವತ್ತಕ್ಕೆ ಬಂದಿರಲಿಲ್ಲ, ಹದಿನೇಳು ಕಾಳು ಗೆರೆ ದಾಟಿದ್ದವು.

ಗೋಡೆಯಾಚೆಯಿಂದ ಮಗನ ಕೂಗು: "ಅವ್ವಾ, ಬೆಳೀ ರಾಶಿ ಮಾಡೋ ಮಶಿನ್ ಯಾಕ ಒಳಗ ತಂದೀ?"

ಕಾರ್ಡು ವಾಪಸು ಹೋಯಿತು.

ಎರಡನೆಯದು ಯಾರೋ ಬಳಸಿ ಬಿಟ್ಟದ್ದು. ಚಿಕ್ಕದು, ಒಂದೇ ಫ್ಯಾನು. ಬಳಸಿದ್ದು ಎಂದ ಮೇಲೆ ಹಿನ್ನೆಲೆ ಕೇಳಬೇಡವೇ?

"ಮೊದಲು ಎಲ್ಲಿ ದುಡೀತಿತ್ತಪ್ಪಾ ಇದು?"

"ಗಣಿ ಕೆಲಸದಾಗಿತ್ತು ದೊಡ್ಡವ್ವಾ," ಎಂದ ಜಂಬಣ್ಣ. ನಾನು ಸಂಡೂರಿನ ಕೆಂಪು ಧೂಳನ್ನು ಹುಡುಕುತ್ತ ಕಾರ್ಡನ್ನು ಸೆರಗಿನಿಂದ ಒರೆಸಿದೆ. ಅವನೇ ಬಿಡಿಸಿ ಹೇಳಿದ: "ಮಣ್ಣಿನ ಗಣಿ ಅಲ್ಲ. ಕಂಪ್ಯೂಟರಿನಾಗ ಹಗಲು ರಾತ್ರಿ ಲೆಕ್ಕ ಮಾಡಿ ನಾಣ್ಯ ಹುಟ್ಟಿಸ್ತಾರ. ಕೈಯಾಗ ಹಿಡಿಯಾಕ ಬರಂಗಿಲ್ಲ, ಅಂಥಾ ನಾಣ್ಯ."

"ಎಷ್ಟು ತಾಸು ದುಡಿಸ್ಯಾರ?"

"ಇಪ್ಪತ್ನಾಕು ತಾಸು. ಎರಡು ವರ್ಷ."

ಎತ್ತಾದರೆ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಈ ಕಾರ್ಡಿಗೂ ಕೆಳಗಡೆ ಸಾಲಾಗಿ ಬಂಗಾರದ ಬಣ್ಣದ ಹಲ್ಲುಗಳಿರುತ್ತವೆ, ಡಬ್ಬಿಯ ಬಾಯಿಗೆ ಅವನ್ನೇ ಕಚ್ಚಿಸುವುದು. ನಾನು ಕನ್ನಡಕ ಮೂಗಿನ ತುದಿಗೆ ತಂದು ನೋಡಿದೆ. ಎರಡು ಹಲ್ಲು ಸವೆದಿದ್ದವು. ಆದರೂ ಆಗಲಿ ಎಂದು ಹಾಕಿಸಿದೆ. ಅಕ್ಷತೆ ಬಿತ್ತು. ಕಾರ್ಡು ಮಂಚದಿಂದೇಳುವ ಮುದುಕನ ಹಾಗೆ ಒಮ್ಮೆ ನರಳಿ, ಆಮೇಲೆ ತೆಪ್ಪಗೆ ಕೆಲಸಕ್ಕೆ ಹತ್ತಿತು. ನೂರೆಂಟು ಮುಗಿದಾಗ ದಾಟಿದ್ದು ಬರೀ ನಾಲ್ಕು ಕಾಳು.

"ಇದ ಇರ್ಲಿ!" ಎಂದ ಮಗ ಗೋಡೆಯಾಚೆಯಿಂದಲೇ.

ಅಷ್ಟರಲ್ಲಿ ನನ್ನ ಪರದೆ ಕಪ್ಪಾಯಿತು. ಶಿವಲೀಲಾಳ ಪರದೆಯಲ್ಲಿ ಅಕ್ಷತೆ ಬೀಳುತ್ತಲೇ ಇದೆ, ನನ್ನದರಲ್ಲಿ ಮದುವೆಯೇ ಇಲ್ಲ. ಜಂಬಣ್ಣ ಕೇಬಲ್ ಕಿತ್ತು ಚುಚ್ಚಿದ, ಊದಿ ಚುಚ್ಚಿದ, ಕೊನೆಗೆ ಒಪ್ಪಿಕೊಂಡ. ಎರಡನೆಯ ಸಾಕೆಟ್ ಸತ್ತಿದೆ.

"ಒಂದು ಪರದಿ ಮ್ಯಾಲ ಹೆಂಗೋ ನಡೀತೈತಿ ಬಿಡ್ರಿ ಅತ್ತೀ," ಎಂದಳು ಶಿವಲೀಲಾ. "ನಿಮಗೂ ಕಣ್ಣಿಗೆ ವಿಶ್ರಾಂತಿ."

ಆಗ ನನ್ನ ಎದೆ ಹೊಡೆದುಕೊಂಡ ರಭಸಕ್ಕೆ ತಟ್ಟೆಯ ಮೇಲೆ ಉಳಿದ ಹದಿನೇಳೂ ದಾಟಬೇಕಿತ್ತು. ಆದರೂ ಮುಖದಲ್ಲಿ ಏನೂ ತೋರಗೊಡದೆ ಎದ್ದು ನಿಂತು ತೀರ್ಪು ಕೊಟ್ಟೆ: "ಹಲ್ಲು ಸವೆದ ಪ್ರಾಣಿ ನಮ್ಮ ಹಟ್ಟಿಗೆ ಬ್ಯಾಡ. ಎರಡು ವರ್ಷ ಕಣ್ಣು ಮುಚ್ಚದಂಗ ದುಡಿದೈತಿ, ಪಾಪ. ಅದಕ್ಕೂ ಒಂದು ವಿಶ್ರಾಂತಿ ಬ್ಯಾಡೇನು?"

ಸತ್ಯ ಹೇಳುತ್ತೇನೆ, ಹಲ್ಲಿನ ಬಗ್ಗೆ ನನಗೆ ಅಷ್ಟೇನೂ ತಕರಾರಿರಲಿಲ್ಲ.

ಅಮಾವಾಸ್ಯೆಗೆ ಐದು ದಿನ ಉಳಿಯಿತು. ಮಗ ಪೇಟೆಯಲ್ಲಿ ರೂಮು ನೋಡಿಕೊಂಡೂ ಬಂದಿದ್ದ. ಆಗ ಜಂಬಣ್ಣ ಮೂರನೆಯದನ್ನು ಹೊಸಪೇಟೆಯಿಂದ ತರಿಸಿದ. ಪೆಟ್ಟಿಗೆ ಬಿಚ್ಚಿದರೆ ಫ್ಯಾನೇ ಇಲ್ಲ. ಬೆನ್ನಿನ ತುಂಬ ತಗಡಿನ ತೆಳು ಹಾಳೆಗಳು, ಒಂದರ ಪಕ್ಕ ಒಂದು, ಒತ್ತೊತ್ತಾಗಿ ಜೋಡಿಸಿ ನಿಲ್ಲಿಸಿದಂತೆ. ಎಣಿಸಿದೆ, ನಲವತ್ತೊಂದು.

"ಫ್ಯಾನ್ ಎಲ್ಲಿ ಮರೆತು ಬಂದಿಯೋ?"

"ಇದಕ್ಕ ಫ್ಯಾನ್ ಇಲ್ಲ ದೊಡ್ಡವ್ವಾ. ಈ ತಗಡಿನ ಸಂದಿಯಾಗಿಂದ ಸೆಕಿ ತಾನ ಹೊರಗ ಹೋಗ್ತೈತಿ. ಡಬ್ಬಿಗೆ ಗಾಳಿ ಆಡ್ಬೇಕು ಅಷ್ಟ. ಕೆಲಸ ಒಂದೀಟು ನಿಧಾನ. ಎರಡೂ ಸಾಕೆಟ್ ಗಟ್ಟಿ ಅದಾವ, ನಾನ ನೋಡೀನಿ."

ಎರಡು ಗಂಟೆಗೆ ಹಾಕಿದೆವು. ತಟ್ಟೆ, ವಿಭೂತಿ, ಇಪ್ಪತ್ತೊಂದು. ಅಕ್ಷತೆ ಶುರುವಾಯಿತು. ಎರಡೂ ಪರದೆಯಲ್ಲಿ ಅಕ್ಕಿ ತೇಲಿತು. ಐವತ್ತು ನಾಮವಾಯಿತು, ಎಂಬತ್ತಾಯಿತು, ನೂರೆಂಟಾಯಿತು. ಒಂದು ಕಾಳೂ ಮಿಸುಕಲಿಲ್ಲ. ನನಗೆ ಗಾಬರಿಯಾಯಿತು. ಇಷ್ಟು ಸುಮ್ಮನಿರುವ ಪ್ರಾಣಿ ಒಂದೋ ಮುನಿಸಿಕೊಂಡಿರಬೇಕು, ಇಲ್ಲವೋ ಹೋಗಿಬಿಟ್ಟಿರಬೇಕು. ಜೀವವಿದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡಿದೆ. ಚುರ್ ಎಂದಿತು. ಜೀವವಿತ್ತು.

"ಇದ ಇರ್ಲಿ," ಎಂದೆ ಬೆರಳನ್ನು ಬಾಯಲ್ಲಿಟ್ಟುಕೊಂಡು.

ಗೋಡೆಯಾಚೆಯಿಂದ ಗೊರಕೆ ಕೇಳಿಸಿತು. ತಿಂಗಳುಗಟ್ಟಲೆ ಕೇಳದಿದ್ದ ಮಗನ ಗೊರಕೆ! ಶಿವಲೀಲಾ ನನ್ನ ಕಡೆ ತಿರುಗಿ, "ಅತ್ತೀ, ನಿಮ್ಮ ಕೈಗುಣ ದೊಡ್ಡದು," ಎಂದಳು. ಜಂಬಣ್ಣ ಮುಂದಿನ ಗಿರಾಕಿಗಳಿಗೆ ತೋರಿಸಲು ನನ್ನ ತಟ್ಟೆಯ ಫೋಟೋ ತೆಗೆದುಕೊಂಡು ಹೋದ. ಅವತ್ತು ನಾನು ಕುರ್ಚಿಯಲ್ಲಿ ಕೂತ ರೀತಿಯನ್ನು ಯಾರಾದರೂ ನೋಡಿದ್ದರೆ ಸಿಂಹಾಸನ ಎಂದೇ ತಿಳಿಯುತ್ತಿದ್ದರು.

ಮರುದಿನ ಹನ್ನೊಂದೂವರೆಗೆ ಮಗ ಬಂದು ಬಾಗಿಲಲ್ಲಿ ನಿಂತ. ಕಣ್ಣು ಕೆಂಪಗಿತ್ತು.

"ಮತ್ತೇನಲೇ? ಸದ್ದು ಎಲ್ಲೈತಿ ಈಗ?"

"ಸದ್ದಿಲ್ಲ," ಎಂದ. "ಅವ್ವಾ, ಆ ಮದುವಿಯಾಗ ಕುಡತಿನಿ ಅತ್ತಿ ಮಗಳು ಯಾಕ ಊಟ ಬಿಟ್ಟು ಎದ್ಹೋದ್ಳು?"

ಅದು ಹತ್ತು ನಿಮಿಷದ ಹಿಂದೆ ನಾನು ಶಿವಲೀಲಾಳಿಗೆ ಹೇಳಿದ ಮಾತು. "ನಿನಗ್ಯಾಂಗ ಗೊತ್ತಾತು?"

"ಗ್ವಾಡಿ ಆಚಿಂದ ಎಲ್ಲಾ ಕೇಳಸ್ತೈತಿ. ಅರ್ಧ ಹೇಳಿ ನಿಲ್ಲಿಸಿದ್ರ ನಿದ್ದಿ ಹೆಂಗ ಬರ್ಬೇಕು? ಹೇಳು, ಯಾಕ ಎದ್ಹೋದ್ಳು?"

ವಿಷಯ ಇಷ್ಟೇ. ನಾನು ಬರೀ ನೆಂಟಸ್ತಿಕೆ ಹೇಳಿ ಸುಮ್ಮನಾಗುವವಳಲ್ಲ. ಸೋದರಮಾವ ಎಂದರೆ ಯಾವ ಸೋದರಮಾವ, ಅವನು ಮದುವೆಗೆ ಬರಲು ಎಷ್ಟು ಸಲ ಕರೆಸಿಕೊಂಡ, ಬಂದಮೇಲೆ ಯಾರ ಪಕ್ಕ ಕೂರಲಿಲ್ಲ, ಯಾಕೆ ಕೂರಲಿಲ್ಲ, ಇದೆಲ್ಲ ಹೇಳಿದರೇ ಗುರುತು ಪೂರ್ತಿಯಾಗುವುದು. ಹಳೆಯ ಫ್ಯಾನಿನ ಸದ್ದಿನಲ್ಲಿ ಶಿವಲೀಲಾಳ ಕಿವಿಗೆ ಮುಟ್ಟಲಿ ಎಂದು ಎರಡು ವರ್ಷ ಕೂಗಿ ಕೂಗಿ ಹೇಳಿ ನನ್ನ ಗಂಟಲು ಅದೇ ಎತ್ತರಕ್ಕೆ ನಿಂತುಬಿಟ್ಟಿದೆ. ಈಗ ಫ್ಯಾನು ಹೋಗಿದೆ. ಗಂಟಲು ಉಳಿದಿದೆ.

ಮೆಲ್ಲಗೆ ಮಾತಾಡಲು ಹೊರಟೆ. ಆದರೆ ಮೆಲ್ಲಗೆ ಮಾತಾಡಿದಂತೆಲ್ಲ ಮಗ ಸ್ಟೂಲು ಹತ್ತಿರ ಎಳೆದುಕೊಂಡ. ಅವತ್ತು ಅವನು ಮಲಗಲಿಲ್ಲ. ಮರುದಿನವೂ ಮಲಗಲಿಲ್ಲ. ಮೂರನೆಯ ದಿನ ಗುಡ್ಡದ ಮೇಲೆ ಮೂವತ್ತೆರಡು ಫ್ಯಾನುಗಳ ಕೆಳಗೆ ತೂಕಡಿಸಿ ಸಾಹೇಬರ ಕೈಗೆ ಸಿಕ್ಕಿಬಿದ್ದ.

ಇಷ್ಟರಲ್ಲೇ ಮುಗಿದಿದ್ದರೆ ಮನೆಯೊಳಗಿನ ಮಾತಾಗಿ ಉಳಿಯುತ್ತಿತ್ತು. ಆದರೆ ಅಮಾವಾಸ್ಯೆಯ ಮುಂಜಾನೆ ಮಾಗಳದಿಂದ ಬೆನಕಪ್ಪನವರು ಬಂದರು. ಅವರು ಒಂದು ಮದುವೆಯಲ್ಲಿ ಮದುಮಗನ ಸೋದರಮಾವ. ವಿಡಿಯೋದಲ್ಲಿ ತಾವು ಸಾಕಷ್ಟು ಹೊತ್ತು ಕಾಣಿಸಿದ್ದೇವೋ ಇಲ್ಲವೋ ನೋಡಿಕೊಂಡು ಹೋಗಲು ಬಂದಿದ್ದರು. ಜೊತೆಗೆ ಅವರ ಮನೆಯವರು ಗಂಗಾಂಬಿಕಾ. ಇಬ್ಬರನ್ನೂ ಪಡಸಾಲೆಯಲ್ಲಿ ಕೂರಿಸಿ ಶಿವಲೀಲಾ ಚಹಾ ಕೊಟ್ಟಳು. ಬೆನಕಪ್ಪನವರಿಗೆ ಸಕ್ಕರೆ ಇಲ್ಲದ್ದು. "ಸಕ್ಕರಿ ಕಾಯಿಲಿ ಅವರಿಗೆ. ಬರೀ ಒಣ ರೊಟ್ಟಿ, ಮೆಂತ್ಯದ ನೀರು. ಮೂರು ತಿಂಗಳಾತು ಸಿಹಿ ಮುಟ್ಟಿಲ್ಲ, ಪಾಪ," ಎಂದು ಗಂಗಾಂಬಿಕಾ ಹೆಮ್ಮೆಯಿಂದ ಹೇಳುತ್ತಿದ್ದದ್ದು ಒಳಗಿನವರೆಗೂ ಬಂತಂತೆ. ನನಗೆ ಅವರು ಬಂದದ್ದೂ ಗೊತ್ತಾಗಲಿಲ್ಲ, ಅದೂ ಕೇಳಿಸಲಿಲ್ಲ. ನಾನು ಮಾತಾಡುತ್ತಿದ್ದೆ.

ನನ್ನ ಪರದೆಯಲ್ಲಿ ಅದೇ ಮದುವೆಯ ಊಟದ ಪಂಕ್ತಿಗಳು ಓಡುತ್ತಿದ್ದವು. ಒಂದು ಕೈ ನನ್ನ ಕಣ್ಣಿಗೆ ಬಿತ್ತು. ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿದ ಕೈ.

"ಶಿವಲೀಲಾ, ನಿಲ್ಲಿಸು. ಈ ಮನುಷ್ಯಾನ್ನ ನೋಡು. ಮೊದಲ ಪಂಕ್ತಿಯಾಗ ಟೋಪಿ ಹಾಕ್ಕೊಂಡು ಕುಂತಾನ. ಎರಡನೇ ಪಂಕ್ತಿಯಾಗ ತಲಿಗೆ ವಲ್ಲಿ ಸುತ್ಯಾನ. ಮೂರನೇದ್ರಾಗ ಬರಿ ತಲಿ. ಮೂರು ಮಂದಿ ಅಲ್ಲ, ಒಬ್ಬನ! ಬೆರಳು ನೋಡು. ಮೊದಲ ಸಲ ನಾಕು ಹೋಳಿಗಿ, ಆಮ್ಯಾಲ ಮೂರು, ಮತ್ತ ನಾಕು. ಹನ್ನೊಂದು ಹೋಳಿಗಿ ಉಂಡಾನ, ತುಪ್ಪ ಬ್ಯಾರೆ. ಯಾರಿವಾ ಅಂದ್ರ, ಮಾಗಳದ..."

ಶಿವಲೀಲಾ ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. ಅಷ್ಟರೊಳಗೆ ಪಡಸಾಲೆಯಲ್ಲಿ ಲೋಟ ಕೆಳಗಿಟ್ಟ ಸದ್ದು ಕೇಳಿಸಿತು. ಆ ನಿಶ್ಶಬ್ದದಲ್ಲಿ ಲೋಟವೂ ಗಂಟೆಯಂತೆ ಕೇಳಿಸಿತು. ಬಾಗಿಲಲ್ಲಿ ಗಂಗಾಂಬಿಕಾ ನಿಂತಿದ್ದರು. ಹಿಂದೆ ಬೆನಕಪ್ಪನವರು ಎಡಗೈಯನ್ನು ಜೇಬಿಗೆ ಸೇರಿಸುತ್ತಿದ್ದರು.

"ಮೂರನೇ ಪಂಕ್ತಿ ತೋರ್ಸವಾ," ಎಂದರು ಗಂಗಾಂಬಿಕಾ, ಬಹಳ ಶಾಂತವಾಗಿ.

"ಅದು ನಾನಲ್ಲ ಅಂತೀನಿ..."

"ನಿಮ್ಮ ಕೂಡ ಮಾತಾಡ್ಲಿಲ್ರಿ ನಾನು. ತೋರ್ಸವಾ. ಅಕ್ಕಿಕಾಳು ನಿಧಾನಕ್ಕ ತೇಲಿಸ್ತೀಯಂತಲ್ಲ, ಹಂಗ ಹೋಳಿಗಿನೂ ನಿಧಾನಕ್ಕ ತೋರ್ಸು."

ಕಾರ್ಡು ಒಂದಿಷ್ಟೂ ಸದ್ದು ಮಾಡದೆ ಹನ್ನೊಂದು ಹೋಳಿಗೆಗಳನ್ನು ಒಂದೊಂದಾಗಿ ಬೆನಕಪ್ಪನವರ ಬಾಯಿಗೆ ತೇಲಿಸಿತು. ಗಂಗಾಂಬಿಕಾ ಬೆರಳು ಮಡಿಸಿ ಎಣಿಸಿದರು. ಲೆಕ್ಕ ನನ್ನದೇ ಸರಿಯಿತ್ತು. (ಅದೊಂದು ಸಮಾಧಾನ.) ಮಗ ಸ್ಟೂಲಿನ ಮೇಲೆ ಕೂತು, "ಎಂಟನೇದು ಇಡೀದ ನುಂಗ್ಯಾರ!" ಎಂದ. ಬೆನಕಪ್ಪನವರು ಆ ಭಾಗ ಅಳಿಸಿಬಿಡಿ ಎಂದು ಕೈಮುಗಿದರು. ಗಂಗಾಂಬಿಕಾ ಅದೊಂದೇ ಭಾಗವನ್ನು ಬೇರೆ ಮಾಡಿ ತಮ್ಮ ಫೋನಿಗೆ ಹಾಕಿಸಿಕೊಂಡರು. ಹೋಗುವಾಗ ನನ್ನ ಕೈ ಹಿಡಿದು, "ಅವ್ವಾ, ನೀವು ನೂರು ವರ್ಷ ಬಾಳ್ಬೇಕು," ಎಂದರು. ಬೆನಕಪ್ಪನವರು ಏನು ಹರಸಿದರೋ ಬಾಯಲ್ಲೇ ಇಟ್ಟುಕೊಂಡರು.

ಅವರು ಹೋದ ಮೇಲೆ ಶಿವಲೀಲಾ ಹತ್ತು ನಿಮಿಷ ಮಾತಾಡಲಿಲ್ಲ. ಮನೆಯಲ್ಲಿ ಸದ್ದಿಲ್ಲದ ಪ್ರಾಣಿ ಎರಡಾದವು.

ಆಮೇಲೆ ಎದ್ದು, "ಮಶಿನ್ ಪ್ಯಾಟಿಗೆ ಹೋಗ್ತೈತಿ," ಎಂದಳು.

"ಯಾಕ? ಕಾರ್ಡ್ ಸುಮ್ನೈತಲ್ಲ!"

"ಕಾರ್ಡ್ ಸುಮ್ನೈತಿ ಅತ್ತೀ, ನೀವ್ ಸುಮ್ನಿಲ್ಲ. ಇವರು ಮಲಗವಲ್ಲರು, ಗಿರಾಕಿ ನಿಲ್ಲವಲ್ಲರು. ಇವತ್ತು ಬೆನಕಪ್ಪನವರು. ನಾಳಿ ಯಾರ ಮನಿ ಗುಟ್ಟು?"

ನಾನು ಸೆರಗು ಹೊದ್ದುಕೊಂಡು ಸೀದಾ ಜಂಬಣ್ಣನ ಅಂಗಡಿಗೆ ಹೋದೆ.

"ಜಂಬಣ್ಣಾ, ಆ ಮೂರು ಫ್ಯಾನಿಂದು ಐತೇನು?"

"ಯಾಕ ದೊಡ್ಡವ್ವಾ? ಈ ಕಾರ್ಡ್ ಸದ್ದು ಮಾಡಾಕ ಹತ್ತಿತೇನು?"

"ಮಾಡವಲ್ದು. ಅದ ಫಜೀತಿ. ನನಗ ಸದ್ದು ಮಾಡೋ ಕಾರ್ಡ್ ಬೇಕು. ಇಪ್ಪತ್ತೊಂದಕ್ಕ ಇಪ್ಪತ್ತೊಂದೂ ಕುಣೀಬೇಕು."

ಜಂಬಣ್ಣ ಒಂದು ಲೋಟ ನೀರು ತಂದು ನನ್ನ ಕೈಗೆ ಕೊಟ್ಟು, "ಬಿಸಿಲಾಗ ಬಂದೀರಿ, ಒಂದೀಟು ಕುಂದ್ರಿ," ಎಂದು ಫ್ಯಾನು ಹಾಕಿದ. ಮೂರು ಫ್ಯಾನಿನ ಕಾರ್ಡು ಹಿಂದಿನ ದಿನವೇ ಕೂಡ್ಲಿಗಿಗೆ ಮಾರಿಹೋಗಿತ್ತು.

ಸಂಜೆ ಐದಕ್ಕೆ ಮಶಿನು ಹೋಯಿತು. ಎರಡು ಪರದೆಗಳೂ ಹೋದವು. ನಾನು ಪಡಸಾಲೆಯ ಕಂಬಕ್ಕೆ ಒರಗಿ ಕೂತು ಬೀದಿ ನೋಡತೊಡಗಿದೆ. ಏಳು ಆಡು ಹೋದವು. ಎಂಟನೆಯದು ಬರುವಷ್ಟರಲ್ಲಿ ಶಿವಲೀಲಾ ಗಾಡಿಯವನ ಜೊತೆ ತಿರುಗಿ ಬಂದು, ನನ್ನ ಕೈಯಿರುವ ಕುರ್ಚಿಯನ್ನೂ ಎತ್ತಿಸಿದಳು.

"ಇದನ್ಯಾಕ?" ಎಂದೆ.

"ಮತ್ತ ನೀವೇನು ನೆಲದ ಮ್ಯಾಲ ಕುಂದರ್ತೀರೇನು? ನೀವಿಲ್ದ ಸೋದರಮಾವ ಯಾರು, ಅಡಿಗಿಯವ ಯಾರು, ನನಗೇನ್ ಗೊತ್ತು? ಮುಂಜಾನಿ ಒಂಬತ್ತೂವರಿಗೆ ತಯಾರಿರ್ರಿ. ನೀವು ಎಷ್ಟು ಬೇಕಾದ್ರೂ, ಯಾರ ಮ್ಯಾಲ ಬೇಕಾದ್ರೂ ಮಾತಾಡ್ರಿ. ಅಂಥಾ ಜಾಗನ ಹುಡುಕೀನಿ."

ಅಂಥ ಜಾಗ ಖಾರದ ಗಿರಣಿಯ ಮೇಲಿನ ಕೋಣೆ. ಬ್ಯಾಡಗಿ ಮೆಣಸಿನಕಾಯಿ ಬೀಸುವ ಎರಡು ಮಶಿನು, ಹಿಟ್ಟು ಬೀಸುವ ಒಂದು. ಬೆಳಿಗ್ಗೆ ಒಂಬತ್ತಕ್ಕೆ ಶುರುವಾದರೆ ಸಂಜೆ ಆರಕ್ಕೆ ನಿಲ್ಲುತ್ತವೆ. ನೆಲ ನಡುಗುತ್ತದೆ. ಗೋಡೆ ನಡುಗುತ್ತದೆ. ಪರದೆಯಲ್ಲಿ ಮದುಮಕ್ಕಳೂ ನಡುಗುತ್ತಾರೆ. ಗಿರಾಕಿ ಪಕ್ಕದಲ್ಲೇ ಕೂತರೂ ನನ್ನ ಒಂದಕ್ಷರ ಅವರ ಕಿವಿಗೆ ಬೀಳುವುದಿಲ್ಲ. ಶಿವಲೀಲಾಳ ಕಿವಿಗೂ ಬೀಳುವುದಿಲ್ಲ. ಆದ್ದರಿಂದ ಕೈಸನ್ನೆ ಮಾಡಿಕೊಂಡಿದ್ದೇವೆ. ಹೆಬ್ಬೆರಳು ಎತ್ತಿದರೆ ಸೋದರಮಾವ, ಕಿರುಬೆರಳು ನಾದಿನಿ, ಮೂಗಿಗೆ ಕೈ ಹೋದರೆ ತೆಗೆದುಹಾಕು. ಖಾರದ ಘಾಟಿಗೆ ಹೋದ ವಾರ ಸೀನು ಬಂದು ನಾನು ಆರು ಸಲ ಮೂಗು ಹಿಡಿದೆ. ಕೂಡ್ಲಿಗಿಯ ಒಂದು ಮದುವೆಯಿಂದ ಮದುಮಗಳ ತಾಯಿ, ಇಬ್ಬರು ಅತ್ತೆಯರು, ಒಬ್ಬ ಪುರೋಹಿತ ಸೇರಿ ಆರು ಜನ ಹೋದರು.

ಮಗ ಮನೆಯಲ್ಲಿ ಒಬ್ಬನೇ ಕಾಲು ಚಾಚಿ ಮಲಗುತ್ತಾನೆ. ಮೈ ತುಂಬಿಕೊಂಡಿದ್ದಾನೆ.

ಮೊನ್ನೆ ಜಂಬಣ್ಣ ಮೆಟ್ಟಿಲು ಹತ್ತಿ ಬಂದ. ತಾನು ಕೊಟ್ಟ ವಸ್ತು ಹೇಗಿದೆ ಎಂದು ವಿಚಾರಿಸುವ ಒಳ್ಳೆಯ ಗುಣ ಅವನದು. ಕಣ್ಣೀರು ಒರೆಸಿಕೊಳ್ಳುತ್ತ ನನ್ನ ಕಿವಿಗೆ ಬಾಯಿಟ್ಟು ಜೀವ ಹೋಗುವಂತೆ ಕೂಗಿದ:

"ದೊಡ್ಡವ್ವಾ! ಕಾರ್ಡ್ ಸದ್ದು ಗಿದ್ದು ಮಾಡ್ತೈತೇನು?"

ನಾನು ಅವನ ಕಿವಿ ಹಿಡಿದು ಹತ್ತಿರಕ್ಕೆಳೆದುಕೊಂಡು ಕೂಗಿದೆ:

"ಏನಂದೀ?"